ಅಧ್ಯಕ್ಷರ ನೌಕೆಗಳನ್ನು ಕಟ್ಟಿದ ದಾಮೋದರರು

ಕ್ವಾಲಾಲಂಪುರದ ಮಾಂಟ್ ಕಿಯಾರಾದಲ್ಲಿ, ಹತ್ತೊಂಬತ್ತನೆಯ ಮಹಡಿಯಲ್ಲಿ, ಪರದೆಯೂ ಅಲುಗದಂತೆ ಕಿಟಕಿ ಮುಚ್ಚಿದ ಮನೆಯಲ್ಲಿ, ದಾಮೋದರರು ತಟ್ಟೆ ಇಡುವ ಮೊದಲು ಮೇಜಿನ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಹಿಂಡಿ, ಸುಕ್ಕಿಲ್ಲದಂತೆ ಹಾಸುತ್ತಿದ್ದರು. ಹಡಗು ಎಷ್ಟು ವಾಲಿದರೂ ಒದ್ದೆ ಬಟ್ಟೆಯ ಮೇಲಿನ ತಟ್ಟೆ ಜಾರುವುದಿಲ್ಲ. ಹಡಗು ಬಿಟ್ಟು ಹದಿನಾಲ್ಕು ವರ್ಷ ಕಳೆದಿದ್ದರೂ ಆ ಸುದ್ದಿ ಅವರ ಕೈಗೆ ಇನ್ನೂ ತಲುಪಿರಲಿಲ್ಲ. ಮಗಳು ಹಂಸಾ, “ಅಪ್ಪ, ಟೇಬಲ್ ಹಾಳಾಗ್ತದೆ, ಇದು ಬಾಡಿಗೆ ಮನೆ” ಎಂದು ಗದರಿದರೆ, “ಆಯ್ತು ಮಾರಾಯ್ತಿ, ನಾಳೆಯಿಂದ ಇಲ್ಲ” ಎನ್ನುವರು. ಮರುದಿನ ಮತ್ತೆ ಒದ್ದೆ ಬಟ್ಟೆ.

ಎಪ್ಪತ್ತನಾಲ್ಕರ ಗಿಡ್ಡ ಆಳು. ಕಾಲು ಅಗಲಿಸಿ, ನೆಲವನ್ನು ನಂಬದವರಂತೆ ನಡೆಯುತ್ತಿದ್ದರು. ಲಿಫ್ಟಿನಲ್ಲಿ ನಿಂತರೂ ಒಂದು ಕೈ ಗೋಡೆಗೆ. ಕ್ವಾಲಾಲಂಪುರದ ಸೆಕೆಯಲ್ಲಿ ಎಳೆಯರೆಲ್ಲ ಚಡ್ಡಿಯಲ್ಲಿ ತಿರುಗುತ್ತಿದ್ದರೆ ಇವರು ಕುತ್ತಿಗೆಯವರೆಗೆ ಗುಂಡಿ ಹಾಕಿದ ಬಿಳಿ ಕೋಟಿನಲ್ಲಿ ಬೆವರುತ್ತಿದ್ದರು. “ಅಪ್ಪ ಹಡಗಿನಲ್ಲಿದ್ದರು” ಎಂದಷ್ಟೇ ಹಂಸಾ ಹೇಳಿದ್ದು. ಆ ಕೋಟನ್ನು ನೋಡಿ ಉಳಿದದ್ದನ್ನು ನಮ್ಮ ಕನ್ನಡ ಬಳಗವೇ ಸೇರಿಸಿಕೊಂಡಿತು. ಮೊದಲ ಸಲ ಯಾರೋ “ಕ್ಯಾಪ್ಟನ್” ಎಂದಾಗ ಅಲ್ಲವೆನ್ನಲು ಒಂದು ಮಾತು ಸಾಕಿತ್ತು. ಅವರು ಅದನ್ನು ಹೇಳಲಿಲ್ಲ, ಹಂಸಾಳೂ ಹೇಳಲಿಲ್ಲ. ಎಂಟು ವರ್ಷ ಕಳೆಯುವಷ್ಟರಲ್ಲಿ ಆ ಒಂದು ಮಾತು ಯಾರೂ ಎತ್ತಲಾಗದಷ್ಟು ಭಾರವಾಗಿತ್ತು. ಇಲ್ಲೇ ಹುಟ್ಟಿ ಬೆಳೆದ ಮೊಮ್ಮಗಳು ಅನನ್ಯ ಶಾಲೆಯ ಪ್ರಬಂಧದಲ್ಲಿ ಅಜ್ಜನನ್ನು ಕ್ಯಾಪ್ಟನ್ ಎಂದೇ ಬರೆದಿದ್ದಳು.

ಅಮೆರಿಕದ ಯಾವುದೋ ಬಂದರಿನಲ್ಲಿ ಸಿಕ್ಕಿದ ಹಳೆಯ ಪತ್ರಿಕೆಯೊಂದರಿಂದ ಅವರಿಗೆ ಒಂದು ಹುಚ್ಚು ಅಂಟಿತ್ತು. ಆ ದೇಶದ ಅಧ್ಯಕ್ಷರು ವಿಹಾರಕ್ಕೆ ಬಳಸುತ್ತಿದ್ದ ನೌಕೆಗಳನ್ನು ಒಂದೊಂದಾಗಿ ಮರದಲ್ಲಿ ಮಾಡುವುದು. ‘ಮೇಫ್ಲವರ್’, ‘ಪೊಟೋಮ್ಯಾಕ್’, ‘ವಿಲಿಯಮ್ಸ್‌ಬರ್ಗ್’, ‘ಸಿಕೋಯಾ’, ಎಲ್ಲವೂ ಮೊಳದುದ್ದದವು, ಸಾಟೆಯ ಮಾಂಸ ಚುಚ್ಚುವ ಬಿದಿರುಕಡ್ಡಿಗಳನ್ನು ಸವೆಸಿ ಮಾಡಿದ ಪಟಕಂಬಗಳವು. ಅವುಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಚುಕ್ಕಾಣಿಯ ಕೋಣೆ ಬರಿಯ ಡಬ್ಬಿಯಂತಿದ್ದರೆ, ಅಡುಗೆಕೋಣೆಯಲ್ಲಿ ಬೆಂಕಿಕಡ್ಡಿಯ ತಲೆಯಷ್ಟು ಸೌಟುಗಳು ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ತೂಗುತ್ತಿದ್ದವು. ಅಧ್ಯಕ್ಷರಿಗೂ ಅತಿಥಿಗಳಿಗೂ ಅಕ್ಕಿಕಾಳಿನಷ್ಟು ಗೊಂಬೆಗಳಿದ್ದವು, ಬಡಿಸುವವರಿಗೆ ಇರಲಿಲ್ಲ. ಆ ನೌಕೆಗಳಲ್ಲಿ ಫಿಲಿಪೀನ್ಸಿನವರು ಬಡಿಸುತ್ತಿದ್ದರೆಂದು ಅವರೇ ನನಗೆ ಹೇಳಿದ್ದರು. ಆ ಬಡಿಸುವವರೆಲ್ಲಿ ಎಂದು ಕೇಳಿದೆ.

“ಅವ್ರು ಕಾಣ್ಬಾರ್ದು ಮೇಡಂ. ಕಂಡ್ರೆ ಕೆಲಸ ಸರಿಯಾಗ್ಲಿಲ್ಲ ಅಂತ ಲೆಕ್ಕ.”

ನಾಲ್ಕು ದಶಕ ಇತಿಹಾಸ ಕಲಿಸಿದವಳಿಗೆ ಇಷ್ಟು ಸಾಕ್ಷ್ಯ ಸಾಲದೆ? ನನಗೆ ಅಂದೇ ಅರ್ಥವಾಗಿತ್ತು. ಆದರೂ ಬ್ರಿಕ್‌ಫೀಲ್ಡ್ಸಿನ ಸಭಾಂಗಣದಲ್ಲಿ ಬಳಗದ ಉಪನ್ಯಾಸಕ್ಕೆ ಅವರನ್ನು ಕರೆದಾಗ, “ಕ್ಯಾಪ್ಟನ್ ದಾಮೋದರ” ಎಂದೇ ಪರಿಚಯಿಸಿದೆ. ಶಿಷ್ಟಾಚಾರ ಎಂದುಕೊಂಡೆ.

ಅಂದು ಅವರು ಸೊಗಸಾಗಿ ಮಾತನಾಡಿದರು. ನಡೆಯಲಾಗದ ರೂಸ್‌ವೆಲ್ಟರಿಗಾಗಿ ‘ಪೊಟೋಮ್ಯಾಕ್’ ನೌಕೆಯ ಎರಡು ಹೊಗೆಕೊಳವೆಗಳಲ್ಲಿ ಒಂದನ್ನು ಸುಳ್ಳುಕೊಳವೆ ಮಾಡಿ, ಒಳಗೆ ಲಿಫ್ಟು ಇಟ್ಟು, ಅವರು ಹಗ್ಗ ಜಗ್ಗಿ ತಮ್ಮನ್ನು ತಾವೇ ಮೇಲಕ್ಕೆ ಎಳೆದುಕೊಳ್ಳುತ್ತಿದ್ದುದನ್ನು ಹೇಳುವಾಗ ಸಭೆ ಉಸಿರು ಹಿಡಿದಿತ್ತು. ಇಂಥ ವೈಭವ ತನಗೆ ಬೇಡವೆಂದು ಕಾರ್ಟರ್ ‘ಸಿಕೋಯಾ’ವನ್ನು ಮಾರಿಸಿದಲ್ಲಿಗೆ ಕಥೆ ಮುಗಿಯಿತು. ಪ್ರಶ್ನೆಗಳಿದ್ದರೆ ಕೇಳಿ ಎಂದೆ. ಹಿಂದಿನ ಸಾಲಿನಿಂದ ಐವತ್ತರ ಆಸುಪಾಸಿನ ಒಬ್ಬರು, ಬಳಗಕ್ಕೆ ಹೊಸಬರಾದ ಎಂಜಿನಿಯರ್, ಎದ್ದು, ಮುಖವೆಲ್ಲ ಅರಳಿಸಿಕೊಂಡು ಮುಂದಕ್ಕೇ ಬಂದುಬಿಟ್ಟರು.

“ದಾಮಣ್ಣಾ! ಭಂಡಾರಿ ದಾಮಣ್ಣ ಅಲ್ವಾ ನೀವು? ನಾನು ನಝೀರ್, ಗಂಗೊಳ್ಳಿಯವ. ಮೊದಲ ಹಡಗಿನಲ್ಲಿ ವಾಂತಿ ಮಾಡಿ ಸಾಯ್ಲಿಕ್ಕೆ ಬಿದ್ದಿದ್ದೆ, ನೀವು ಶುಂಠಿ ಹಾಕಿ ಗಂಜಿ ಕುಡ್ಸಿದ್ರಲ್ಲ!”

ನಮ್ಮ ಕಡೆಯ ಹಡಗುಗಳಲ್ಲಿ ಅಡುಗೆಯವನನ್ನು ಭಂಡಾರಿ ಎನ್ನುತ್ತಾರೆ. ಬಳಗದ ಕಾರ್ಯದರ್ಶಿ ಸದಾನಂದ ನಗೆಗಾರ. ಅವರಿಗೆ ಇಷ್ಟು ಸಿಕ್ಕಿದರೆ ಸಾಕು, ಮಲೇಷ್ಯದವರ ‘ಲಾ’ ಸೇರಿಸಿ ಶುರು.

“ಎಂಜಿನಿಯರ್ ಸಾಹೇಬ್ರೇ, ಹಸಿವಾದ್ರೆ ಕೆಳಗೆ ಮಾಮಕ್ ಹೋಟ್ಲು ಇದೆ. ಕ್ಯಾಪ್ಟನ್ ಹತ್ರ ಗಂಜಿ ಕೇಳ್ಬೇಡಿ ಲಾ!”

ಸಭೆ ಗೊಳ್ಳೆಂದಿತು. ಮುಂದಿನ ಸಾಲಿನಿಂದ ಅನನ್ಯ, “ಅಜ್ಜ, ಡು ಯು ನೋ ಹಿಮ್?” ಎಂದಳು.

ದಾಮೋದರರು ಅವಳ ಮುಖ ನೋಡಿದರು. “ಇಲ್ಲ ಮಗಾ. ಇವ್ರಿಗೆ ಬೇರೆ ಯಾರದ್ದೋ ನೆನಪು.”

ನಝೀರ್ ಆ ಬಿಳಿ ಕೋಟನ್ನು ನೋಡಿದರು. ತೋರಿಸಲು ತಂದಿದ್ದ ನೌಕೆಗಳು ಜಾರದಿರಲೆಂದು ಮೇಜಿಗೆ ಹಾಸಿದ್ದ ಒದ್ದೆ ಬಟ್ಟೆಯನ್ನು ನೋಡಿದರು. ಆಮೇಲೆ ಆ ಹುಡುಗಿಯನ್ನು. “ಹೌದು ಸರ್, ನನ್ನದೇ ತಪ್ಪು. ಆ ದಾಮಣ್ಣ ನಿಮಗಿಂತ ತುಂಬ ಉದ್ದ ಇದ್ರು” ಎಂದು ಹಿಂದಿರುಗಿದರು. ಸಭೆ ಮತ್ತೊಮ್ಮೆ ನಕ್ಕಿತು. ದಾಮೋದರರೂ ನಕ್ಕರು. ವೇದಿಕೆಯ ಮೇಲೆ ಪಕ್ಕದಲ್ಲೇ ಕುಳಿತಿದ್ದ ನಾನು ಕೈಗಡಿಯಾರ ನೋಡಿಕೊಂಡೆ.

ಆ ನಗು ಅವರನ್ನು ಒಳಗಿನಿಂದ ತಿಂದಿತು. ಮೂರು ವಾರ ಉಳಿ ಮುಟ್ಟಲಿಲ್ಲ. ಕೊನೆಗೊಂದು ಬೆಳಿಗ್ಗೆ ದೋಸೆ ಹಾಕುತ್ತ, ತಿರುಗಿಯೂ ನೋಡದೆ, ತಾನು ಕ್ಯಾಪ್ಟನ್ ಅಲ್ಲ, ಮೂವತ್ತೊಂದು ವರ್ಷ ಹಡಗಿನ ಅಡುಗೆಯವನಾಗಿದ್ದೆ ಎಂದು ಮೊಮ್ಮಗಳಿಗೆ ಹೇಳಿಬಿಟ್ಟರು. ಅವಳು ದೋಸೆ ಮುರಿಯುತ್ತಲೇ ಕೇಳಿದಳಂತೆ: “ಓಕೆ. ಬಟ್ ಅಜ್ಜ, ವೈ ಡಿಡ್ ಯು ಲಾಫ್ ಅಟ್ ಹಿಮ್?”

ಆ ಮಧ್ಯಾಹ್ನವೇ ದಾಮೋದರರು ನನ್ನ ಬಾಗಿಲು ತಟ್ಟಿದರು. ನಝೀರರ ವಿಳಾಸ ಬಳಗದ ಪಟ್ಟಿಯಲ್ಲಿತ್ತು. ಭಾನುವಾರ ಇಬ್ಬರೂ ರೈಲು ಹಿಡಿದು ಅವರಿದ್ದ ನಿಲಾಯ್ ಊರಿಗೆ ಹೋದೆವು. ಗೊತ್ತಿದ್ದೂ ವೇದಿಕೆಯಲ್ಲಿ ಸುಮ್ಮನೆ ಕುಳಿತ ನನಗೂ ಅಲ್ಲಿ ಹೇಳಬೇಕಾದದ್ದಿತ್ತು. ದಾರಿಯುದ್ದಕ್ಕೂ ವಾಕ್ಯ ಕಟ್ಟಿದೆ, ಅಲ್ಲಿ ಒಂದೂ ಬಾಯಿಗೆ ಬರಲಿಲ್ಲ. ನಝೀರರ ಹೆಂಡತಿ ಖತೀಜಾ ಚಾ ತಂದಿಟ್ಟರು. ದಾಮೋದರರು ಕೂರಲಿಲ್ಲ.

“ನಝೀರಾ, ಅದು ನಾನೇ. ಎಲ್ಲರ ಎದುರು ನಿನ್ನನ್ನು ಸುಳ್ಳುಗಾರ ಮಾಡಿದೆ.”

“ಅಯ್ಯೋ ಬಿಡಿ ಸರ್, ಎಂತ ದೊಡ್ಡ ವಿಷಯ. ಮೊಮ್ಮಗಳು ಎದುರಿದ್ಲು. ಯಾರಾದ್ರೂ ಹಾಗೇ ಹೇಳ್ತಿದ್ರು.”

“ನನ್ನನ್ನು ಸರ್ ಅನ್ಬೇಡ ಮಾರಾಯ.”

“ಚಾ ಆರ್ತದೆ. ಕೂತ್ಕೊಳ್ಳಿ ಸರ್.”

ಆ ದನಿಯಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ದಾಮೋದರರಿಗೆ ಹಿಡಿಯಲು ಏನಾದರೂ ಸಿಗುತ್ತಿತ್ತು. ಒಂದು ಗಂಟೆ ಕುಳಿತೆವು. ಬಿಸ್ಕತ್ತು ತಿಂದೆವು, ಮಕ್ಕಳ ಓದು ಕೇಳಿದೆವು. ನಝೀರ್ ಗೇಟಿನವರೆಗೆ ಬಂದು ಬೀಳ್ಕೊಟ್ಟರು. ‘ದಾಮಣ್ಣ’ ಎಂಬ ಮಾತು ಅವರ ಬಾಯಿಂದ ಮತ್ತೆ ಬರಲಿಲ್ಲ.

ದಾಮೋದರರಂಥವರನ್ನು ಸುಳ್ಳುಗಾರರೆಂದು ಬರೆದು ಮುಗಿಸುವುದು ಸುಲಭ. ಆದರೆ ಅವರು ಸುಳ್ಳನ್ನು ಹುಟ್ಟಿಸುವುದಿಲ್ಲ. ನಾವು ಹುಟ್ಟಿಸಿ ಕೈಗಿಟ್ಟದ್ದನ್ನು ಕೆಳಗಿಡುವುದಿಲ್ಲ, ಅಷ್ಟೆ. ಅಡುಗೆಯವನಿಗೆ ನಮ್ಮಂಥವರು ವೇದಿಕೆ ಹಾಕುವುದಿಲ್ಲವೆಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ತಮ್ಮ ಕೈಯ ಅನ್ನ ಉಂಡವರ ನಡುವೆ ತಲೆಯೆತ್ತಿ ಬದುಕಬಲ್ಲ ಈ ಜನ, ಒಂದು ತುತ್ತೂ ಉಣ್ಣದವರ ಮೆಚ್ಚುಗೆಗೆ ಕಾಯುತ್ತಾರೆ. ಅದು ಸಿಕ್ಕ ದಿನ ಉಂಡವನೊಬ್ಬ ಎದ್ದು ಹೆಸರು ಹಿಡಿದು ಕರೆದರೆ, ಅವನನ್ನೇ ಅಪರಿಚಿತನನ್ನಾಗಿ ಮಾಡಿಬಿಡುತ್ತಾರೆ. ಆಮೇಲೆ ಉಳಿದ ಆಯುಷ್ಯವೆಲ್ಲ ಅವರಿಗೆ ಅವನಿಂದ ‘ಸರ್’ ಎಂಬ ಮರ್ಯಾದೆ ಸಿಗುತ್ತಲೇ ಇರುತ್ತದೆ.