ಕೆರೆಯವನು ಕಡಲಿಗಿಳಿದ ಸೋಮವಾರ

ಆಗಸ್ಟ್ ಕೊನೆಯ ಶುಕ್ರವಾರ, ಬೆಳಗಿನ ಆರು ಗಂಟೆಯ ಹೊತ್ತಿಗೆ ಹೆಡ್ವಿಕಾ ಕಾರನ್ನು ತಂದು ಮಾಂದಮ್ಮನ ಅಂಜೂರದ ಮರದ ಕೆಳಗೆ ನಿಲ್ಲಿಸಿದಳು. ಬೆಳಕು ಹರಿದಿತ್ತು, ಸೂರ್ಯ ಮಾತ್ರ ಕಂಡಿರಲಿಲ್ಲ. ಆ ಕಡಲತೀರದ ಊರಿನ ಬೆನ್ನಿಗೇ ವೆಲೆಬಿತ್ ಬೆಟ್ಟ. ಅದನ್ನು ಹತ್ತಿ ಈಚೆ ಇಣುಕಬೇಕಾದರೆ ಸೂರ್ಯನಿಗೂ ಏಳೂವರೆಯಾಗುತ್ತದೆ.

ಬೊಹೀಮಿಯದ ಕೆರೆಸೀಮೆಯಿಂದ ಇಲ್ಲಿಗೆ ಒಂಬತ್ತು ಗಂಟೆಯ ದಾರಿ. ಹತ್ತೊಂಬತ್ತು ಬೇಸಿಗೆ ಗಂಡ ಲುಬೋರ್ ಓಡಿಸಿಕೊಂಡು ಬಂದಿದ್ದ. ಈ ಸಲ ಅರವತ್ತಾರರ ಹೆಡ್ವಿಕಾ ತಾನೇ ಓಡಿಸಿದಳು. ಮಾರ್ಚ್ ತಿಂಗಳಲ್ಲಿ ಲುಬೋರನ ಎದೆ ಬಿಚ್ಚಿ ಹೊಲಿದಿದ್ದರು. ನಡೆಯಲಿ, ತಿನ್ನಲಿ, ಊರೂ ಸುತ್ತಲಿ ಎಂದು ಡಾಕ್ಟರು ಹೇಳಿದ್ದರು. ಆದರೆ ಮಗಳು ಇವೋನಾ ಹೊರಡುವಾಗ ಬಾಗಿಲಲ್ಲಿ ತಾಯಿಯ ಕೈ ಹಿಡಿದುಕೊಂಡಿದ್ದಳು.

"ಅಪ್ಪನ್ನ ಹೇಗೆ ಕರ್ಕೊಂಡು ಹೋಗ್ತಿದೀಯೋ ಹಾಗೇ ವಾಪಸ್ ಕರ್ಕೊಂಡು ಬರ್ಬೇಕಮ್ಮ. ಮಾತು ಕೊಡು."

ಹೆಡ್ವಿಕಾ ಮಾತು ಕೊಟ್ಟಿದ್ದಳು. ದಾರಿಯುದ್ದಕ್ಕೂ ಆ ಮಾತು ಹಿಂದಿನ ಸೀಟಿನಲ್ಲಿ ಕೂತು ಬಂದ ಹಾಗಿತ್ತು.

"ಮಾತ್ರೆ ತಗೊಂಡ್ಯಾ?" ಎಂದಳು, ಕಾರಿನ ಕೀಲಿ ತಿರುಗಿಸುತ್ತಲೇ.

"ಇನ್ನೂ ನೆಲಕ್ಕೆ ಕಾಲೇ ಇಟ್ಟಿಲ್ಲ ಕಣೇ," ಎಂದ ಲುಬೋರ್.

ಮನೆಯೊಡತಿ ಮಾಂದಮ್ಮ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಎಂಬತ್ತು ದಾಟಿದ ಹೆಂಗಸು. ಗಂಡ ಸತ್ತ ಮೇಲೆ ಉಟ್ಟ ಕಪ್ಪು ಬಟ್ಟೆಯನ್ನು ಬಿಟ್ಟವಳಲ್ಲ. ಅವಳ ಭಾಷೆ ಬೇರೆ, ಇವರ ಭಾಷೆ ಬೇರೆ. ಆದರೂ ಅವು ಅಕ್ಕತಂಗಿಯರಂಥ ಭಾಷೆಗಳು, ಅರ್ಥವಾಗದ್ದು ಅಂತ ಈಗ ಹೆಚ್ಚೇನೂ ಉಳಿದಿರಲಿಲ್ಲ. ಕಾರಿನ ಡಿಕ್ಕಿ ತೆರೆದದ್ದೇ ಅವಳು ಬಗ್ಗಿ ನೋಡಿದಳು. ಕರಿದ ಮಾಂಸದ ಡಬ್ಬಿ, ಬ್ರೆಡ್ಡು, ಸಾಸೇಜಿನ ಟಿನ್ನು, ಆಲೂಗಡ್ಡೆಯ ಚೀಲ, ಎರಡು ಕ್ರೇಟು ಬಿಯರ್.

"ನಮ್ಮೂರಲ್ಲಿ ಬರಗಾಲ ಅಂತ ಯಾರು ಹೇಳಿದ್ರು ನಿಮಗೆ?" ಎಂದಳು. ಪ್ರತಿ ವರ್ಷ ಇದೇ ಮಾತು ಹೇಳುತ್ತಿದ್ದಳು. ಪ್ರತಿ ವರ್ಷವೂ ಇವರು ನಕ್ಕು ಡಬ್ಬಿಗಳನ್ನು ಮೇಲಿನ ಕೋಣೆಗೆ ಸಾಗಿಸುತ್ತಿದ್ದರು. ಇವರ ಕಡೆಯವರು ಕಡಲಿಗೆ ಹೊರಟರೆಂದರೆ ಅಡುಗೆಮನೆಯೇ ಜೊತೆಯಲ್ಲಿ ಹೊರಡುತ್ತದೆ. ಅದು ಹಳೆಯ ಕಾಲದಿಂದ ಬಂದ ಅಭ್ಯಾಸ.

ಶನಿವಾರ ಹೆಡ್ವಿಕಾಳಿಗೆ ಒಂದು ಕಡೆ ಕೂರಲಾಗಲಿಲ್ಲ. ಲುಬೋರ್ ಮೆಟ್ಟಿಲಿಳಿದರೆ ಅವಳೂ ಇಳಿಯುವಳು. ನೆರಳಲ್ಲಿ ಕೂತರೆ "ಚಳಿ ಆಗುತ್ತಾ?" ಬಿಸಿಲಲ್ಲಿ ಕೂತರೆ "ಸೆಖೆ ಆಗುತ್ತಾ?" ಮಧ್ಯಾಹ್ನ ಅವನು ಮಲಗಿದ್ದಾಗ ಮೂಗಿನ ಹತ್ತಿರ ಅಂಗೈ ಹಿಡಿದು ನೋಡಿದಳು. ಅವನು ಒಂದೇ ಕಣ್ಣು ತೆರೆದ.

"ಇದೀನಿ. ಹೋಗು."

ಭಾನುವಾರ ಅವನು ಬ್ರೆಡ್ಡಿನಂಗಡಿಗೆಂದು ಹೊರಟ. ಮನೆಯಲ್ಲಿ ಬ್ರೆಡ್ಡು ಬೇಕಾದಷ್ಟಿತ್ತು. ಹೆಡ್ವಿಕಾ ಇಪ್ಪತ್ತು ಹೆಜ್ಜೆ ಹಿಂದೆ, ಅಲ್ಲಿ ಇಲ್ಲಿ ನೋಡುವವಳ ಹಾಗೆ, ಹಿಂಬಾಲಿಸಿದಳು. ದೋಣಿ ಕಟ್ಟುವ ಕಟ್ಟೆಯ ಹತ್ತಿರ ದೋಣಿ ತೊಳೆಯುತ್ತಿದ್ದ ಯೋಸೋ ತಲೆಯೆತ್ತಿದ. ಮೀನುಗಾರ, ಮಾಂದಮ್ಮನ ಮೈದುನ, ಲುಬೋರನಿಗೆ ಹಳೆಯ ಗೆಳೆಯ.

"ಏನೋ ಲುಬೋರ್, ಹಿಂದೆ ಪೊಲೀಸ್ ಬಿಟ್ಟವ್ರೆ? ಏನ್ ಕದ್ದೆ?"

"ಒಂದು ಹೃದಯ," ಎಂದ ಲುಬೋರ್. ಇಬ್ಬರೂ ನಕ್ಕರು. ಆದರೆ ಗಂಡನ ಕತ್ತು ಕಿವಿಯವರೆಗೂ ಕೆಂಪಾದದ್ದನ್ನು ಹೆಡ್ವಿಕಾ ಹಿಂದಿನಿಂದ ಕಂಡಳು.

ಸೋಮವಾರ ಬೆಳಿಗ್ಗೆ ಮಾಂದಮ್ಮ ಒಣಹಾಕಿದ ಬಟ್ಟೆಗಳನ್ನು ಅರೆ ಒಣಗಿರುವಾಗಲೇ ತೆಗೆಯುತ್ತಿದ್ದಳು. ಲುಬೋರ್ ನೀರಿನ ಮೇಲೆ ತೇಲಿಸುವ, ಗಾಳಿ ತುಂಬಿದ ಕಿತ್ತಳೆ ಬಣ್ಣದ ಹಾಸಿಗೆಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಬಂದ. ಹೆಡ್ವಿಕಾ ಮೇಲೆ ಮಗಳ ಜೊತೆ ಫೋನಿನಲ್ಲಿದ್ದಳು.

"ಇವತ್ತು ನೀರು ಬೇಡ," ಎಂದಳು ಮಾಂದಮ್ಮ, ಬಾಯಲ್ಲಿ ಬಟ್ಟೆಯ ಕ್ಲಿಪ್ಪು ಕಚ್ಚಿಕೊಂಡು. "ಬೆಟ್ಟ ಟೋಪಿ ಹಾಕ್ಕೊಂಡಿದೆ ನೋಡು. ಬೂರಾ ಬರ್ತದೆ."

ಬೆಟ್ಟದ ನೆತ್ತಿಯ ಮೇಲೆ ಬಿಳಿಯ ಮೋಡವೊಂದು ಉದ್ದಕ್ಕೆ ಕೂತಿತ್ತು. ಲುಬೋರ್ ಅದನ್ನು ನೋಡಲಿಲ್ಲ, ನೀರನ್ನು ನೋಡಿದ. ದಡದ ನೀರು ಒಂದು ಸುಕ್ಕೂ ಇಲ್ಲದೆ ಮಲಗಿತ್ತು.

"ಎಲ್ಲಿದೆ ಗಾಳಿ, ಮಾಂದಮ್ಮ? ಒಂದು ಅಲೆ ತೋರ್ಸಿ. ನಮ್ಮ ಕೆರೆನೂ ಇಷ್ಟು ಸುಮ್ಮನೆ ಇರಲ್ಲ."

"ಇದು ಕೆರೆ ಅಲ್ಲಪ್ಪ."

"ಮೂವತ್ತೆಂಟು ವರ್ಷ ನೀರಲ್ಲೇ ನಿಂತು ಸಂಬಳ ತಗೊಂಡವ್ನು ನಾನು. ಮಲಗಬೇಕು ಅಂತ ಡಾಕ್ಟ್ರೇ ಹೇಳವ್ರೆ. ಮಲಗ್ತೀನಿ, ಈಜಲ್ಲ."

ಮೂವತ್ತೆಂಟು ವರ್ಷದ ಮಾತು ಸುಳ್ಳಲ್ಲ. ಗೆಂಡೆಮೀನು ಸಾಕುವ ದೊಡ್ಡ ಕೆರೆಗಳಲ್ಲಿ ಅವನು ಸೊಂಟದವರೆಗಿನ ರಬ್ಬರ್ ಬೂಟು ಹಾಕಿಕೊಂಡು ಆಯಸ್ಸು ಕಳೆದಿದ್ದ. ಕೆರೆಯವರು ಗಾಳಿಯನ್ನು ದಡದಲ್ಲಿ ನೋಡುತ್ತಾರೆ. ಕಾಲ ಬುಡದ ನೀರು ಸುಮ್ಮನಿದ್ದರೆ ಗಾಳಿಯಿಲ್ಲ ಎಂದು ಲೆಕ್ಕ. ಅಕಸ್ಮಾತ್ ಬಂದರೂ ಗಾಳಿ ಒಯ್ಯುವುದು ಎಲ್ಲಿಗೆ? ಎದುರಿನ ಏರಿಗೆ. ಅಲ್ಲಿಂದ ಎದ್ದು ಮನೆಗೆ ನಡೆದು ಬರುವುದು. ಬೂರಾ ಹಾಗಲ್ಲ. ಅದು ಬೆಟ್ಟದಿಂದ ಕಡಲಿಗೆ ಧುಮುಕುವ ಗಾಳಿ. ಹಿಂದಿನಿಂದ ಬೀಸುವುದರಿಂದ ದಡದ ನೀರನ್ನು ಕೆಣಕುವುದಿಲ್ಲ, ಇನ್ನೂ ಒತ್ತಿ ಸಾಪು ಮಾಡುತ್ತದೆ. ಅಲೆ ಏಳುವುದು ದೂರ ಹೋದ ಮೇಲೆ. ಅಷ್ಟು ಹೊತ್ತಿಗೆ ಮನುಷ್ಯನೂ ದೂರ ಹೋಗಿರುತ್ತಾನೆ.

ಹೆಡ್ವಿಕಾ ಫೋನಿಟ್ಟು ಕಿಟಕಿಗೆ ಬಂದಾಗ ಅಂಜೂರದ ಎಲೆಗಳೆಲ್ಲ ಬೆನ್ನು ತಿರುಗಿಸಿ ಬೆಳ್ಳಗಾಗಿದ್ದವು. ಅಂಗಳದ ಪ್ಲಾಸ್ಟಿಕ್ ಕುರ್ಚಿಯೊಂದು ತಾನಾಗಿ ಹೊರಟು ಗೋಡೆಗೆ ಬಡಿಯಿತು. ಕಡಲ ಮೇಲೆ, ಇರಬೇಕಾದುದಕ್ಕಿಂತ ತುಂಬಾ ದೂರದಲ್ಲಿ, ಒಂದು ಕಿತ್ತಳೆ ಬಣ್ಣದ ಚೂರು ಕಂಡಿತು. ಅವಳು ಚಪ್ಪಲಿಯೂ ಇಲ್ಲದೆ ಓಡಿದಳು.

"ಲುಬೋರ್! ಲುಬೋರ್!"

ಅವನು ಕೈಯೆತ್ತಿ ಬೀಸಿದ. ಚೆನ್ನಾಗಿದ್ದೇನೆ ಎನ್ನುವವನ ಹಾಗೆ ಬೀಸಿದ. ನೋಡುತ್ತಿದ್ದ ಹಾಗೆ ಕೈ ಸಣ್ಣದಾಯಿತು. ಆಮೇಲೆ ಕಿತ್ತಳೆ ಬಣ್ಣವೊಂದೇ ಉಳಿಯಿತು, ಆಮೇಲೆ ಬಿಳಿಯ ನೊರೆಗೆರೆಗಳ ನಡುವೆ ಅದೂ ಒಮ್ಮೆ ಕಂಡು ಒಮ್ಮೆ ಕಾಣದಾಯಿತು.

ಯೋಸೋ ಆಗಲೇ ಹಗ್ಗ ಬಿಚ್ಚುತ್ತಿದ್ದ. ಹೆಡ್ವಿಕಾ ದೋಣಿಯ ಅಂಚಿಗೆ ಕಾಲಿಟ್ಟಳು.

"ಇಳೀರಿ, ಅಮ್ಮಾವ್ರೆ. ಒಬ್ರನ್ನ ಹುಡುಕೋದೇ ಸಾಕು ಇವತ್ತು."

"ನಾನು ಬರ್ಲೇಬೇಕು. ಮಗಳಿಗೆ ಮಾತು ಕೊಟ್ಟಿದೀನಿ!"

"ಬೂರಾಕ್ಕೆ ನಿಮ್ಮ ಮಗಳು ಗೊತ್ತಿಲ್ಲ. ಇಳೀರಿ ಅಂದೆ. ಅತ್ತಿಗೇ, ಹಿಡ್ಕೊಳ್ಳಿ ಇವ್ರನ್ನ! ಬಂದರಿನ ಕಚೇರಿಗೆ ಫೋನ್ ಮಾಡಿ!"

ಮಾಂದಮ್ಮ ಹಿಂದಿನಿಂದ ಬಂದು ಅವಳ ಸೊಂಟವನ್ನು ಎರಡೂ ಕೈಯಿಂದ ತಬ್ಬಿ ಹಿಡಿದಳು. ಆ ಮುದುಕಿಯ ಕೈಯಲ್ಲಿ ಅಷ್ಟು ಕಸುವಿರಬಹುದೆಂದು ಯಾರೂ ಎಣಿಸಿರಲಿಲ್ಲ. ದೋಣಿ ಹೋಯಿತು.

ಆಮೇಲೆ ಎರಡು ಗಂಟೆ. ಹೆಡ್ವಿಕಾ ಕಟ್ಟೆಯ ಈ ತುದಿಯಿಂದ ಆ ತುದಿಗೆ ನಡೆದಳು, ತಿರುಗಿದಳು, ನಡೆದಳು. ಗಾಳಿ ಅವಳನ್ನು ಎರಡು ಸಲ ಕಬ್ಬಿಣದ ಕಂಬಕ್ಕೆ ಒತ್ತಿತು. ಮಾರ್ಚ್ ತಿಂಗಳಲ್ಲಿ ಆಸ್ಪತ್ರೆಯ ಹೊರಗೆ ಹೀಗೇ ನಡೆದಿದ್ದಳು, ಆದರೆ ಅಲ್ಲಿ ಬಾಗಿಲೊಂದಿತ್ತು. ಅದು ತೆರೆದರೆ ಯಾರಾದರೂ ಬಂದು ಏನಾದರೂ ಹೇಳುತ್ತಿದ್ದರು. ಇಲ್ಲಿ ಯಾವುದನ್ನು ನೋಡುತ್ತಾ ನಿಲ್ಲುವುದು? ಜೇಬಿನಲ್ಲಿ ಫೋನು ಅಲುಗಿತು. ಇವೋನಾ. ಹೆಡ್ವಿಕಾ ಎತ್ತಲಿಲ್ಲ. ಮತ್ತೆ ಅಲುಗಿತು. ಎತ್ತಲಿಲ್ಲ.

"ಕೂತ್ಕೋ ಮಗಳೇ," ಎಂದಳು ಮಾಂದಮ್ಮ.

"ಆಗಲ್ಲ."

"ನಾನೂ ಈ ಕಟ್ಟೆ ಮೇಲೆ ನಡೆದಿದೀನಿ. ನಡೆದ್ರೆ ದೋಣಿ ಬೇಗ ಬರಲ್ಲ, ಕಾಲು ನೋಯುತ್ತೆ ಅಷ್ಟೆ."

ಹೆಡ್ವಿಕಾ ಕೂರಲಿಲ್ಲ.

ಮಧ್ಯಾಹ್ನ ಹನ್ನೆರಡು ದಾಟಿದ ಮೇಲೆ ದೋಣಿ ಬಂತು. ಲುಬೋರ್ ಅದರ ತಳದಲ್ಲಿ ಯೋಸೋನ ಎಣ್ಣೆಬಟ್ಟೆ ಹೊದ್ದು ಮುದುಡಿ ಕೂತಿದ್ದ. ತುಟಿ ನೀಲಿ, ಅಂಗೈ ಎರಡೂ ಕಿತ್ತು ರಕ್ತ. ಕಡಲಿನ ನಡುವೆ ಮೀನು ಸಾಕಲು ಬಿಟ್ಟ ಬಲೆಗೂಡುಗಳಿದ್ದವು. ಗಾಳಿ ಅವನನ್ನು ಅವುಗಳ ಪಕ್ಕದಲ್ಲೇ ಒಯ್ದಿತ್ತು. ಹಾಸಿಗೆ ಬಿಟ್ಟು ಗೂಡಿನ ಹಗ್ಗ ಹಿಡಿದುಕೊಂಡು, ಯೋಸೋ ಬರುವವರೆಗೆ ನೇತುಬಿದ್ದಿದ್ದ.

"ಗೂಡಲ್ಲಿ ಮೀನು ಒತ್ತೊತ್ತಾಗಿ ತುಂಬವ್ರೆ ಕಣೋ, ತಪ್ಪು ಅದು," ಎಂದು ಯೋಸೋನಿಗೆ ಹೇಳುತ್ತಿದ್ದ, ಹಲ್ಲು ಕಟಕಟ ಎನ್ನುತ್ತಿದ್ದರೂ.

"ಬಾಯ್ಮುಚ್ಚು. ನೀನೊಬ್ಬ ಗೆಂಡೆಮೀನು."

ಊರಿನ ಆರೋಗ್ಯ ಕೇಂದ್ರದ ನರ್ಸ್ ಬಂದು ನಾಡಿ ನೋಡಿದಳು, ರಕ್ತದೊತ್ತಡ ನೋಡಿದಳು, ಎದೆಗೆ ವೈರು ಅಂಟಿಸಿ ಕಾಗದದ ಪಟ್ಟಿ ತೆಗೆದು ಫೋನಿನಲ್ಲಿ ಡಾಕ್ಟರಿಗೆ ಓದಿ ಹೇಳಿದಳು. "ಹೊಲಿಗೆ ಹಾಕಿದವ್ರು ಗಟ್ಟಿಯಾಗೇ ಹಾಕವ್ರೆ," ಎಂದು ಅಂಗೈಗೆ ಪಟ್ಟಿ ಕಟ್ಟಿ ಹೋದಳು.

ಅಂದು ಅವರು ಮೊದಲ ಸಲ ಮಾಂದಮ್ಮನ ಅಡುಗೆಮನೆಯ ಮೇಜಿಗೆ ಕೂತರು. ಬಿಸಿ ಮೀನಿನ ಸಾರು, ಮೆಕ್ಕೆಜೋಳದ ಹಿಟ್ಟಿನ ಮುದ್ದೆ.

"ಹತ್ತೊಂಬತ್ತು ವರ್ಷ ಕರೆದೆ," ಎಂದಳು ಮಾಂದಮ್ಮ ಬಡಿಸುತ್ತಾ. "ಕಡಲಿಗೆ ಬೀಳ್ಬೇಕಾಯ್ತಲ್ಲ, ನನ್ನ ಮೇಜಿಗೆ ಬರೋಕೆ."

ಲುಬೋರ್ ಎರಡು ಸಲ ಹಾಕಿಸಿಕೊಂಡು ಉಂಡ. ಹೆಡ್ವಿಕಾ ಚಮಚ ಹಿಡಿದು ಅವನನ್ನೇ ನೋಡುತ್ತಿದ್ದಳು.

"ಗಾಳಿ ಒಯ್ತಾ ಇದೆ ಅಂತ ಯಾವಾಗ ಗೊತ್ತಾಯ್ತು ನಿಂಗೆ?"

ಅವನು ತಟ್ಟೆ ನೋಡಿದ. "ಬೇಗಾನೇ ಗೊತ್ತಾಯ್ತು."

"ಬೇಗ ಅಂದ್ರೆ?"

"ದಡ ಹತ್ರ ಇತ್ತು. ಧುಮುಕಿದ್ರೆ ಈಜಿ ಬರಬಹುದಿತ್ತು."

"ಮತ್ತೆ ಯಾಕೆ ಧುಮುಕ್ಲಿಲ್ಲ?"

ಲುಬೋರ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಹೊರಗೆ ಎಲ್ಲಿಯೋ ಹೆಂಚು ಜಾರಿ ಬಿತ್ತು.

"ಸಾಯೋಕಲ್ಲ ಕಣೇ. ಹಾಗೆ ತಿಳ್ಕೋಬೇಡ. ಇನ್ನೊಂದ್ ಐದು ನಿಮಿಷ, ಇನ್ನೊಂದ್ ಐದು ನಿಮಿಷ ಅಂದ್ಕೊಂಡೆ. ಮಾರ್ಚಿಂದ ಮೊದಲ್ನೇ ಸಲ ಯಾರೂ ನನ್ನ ಉಸಿರು ನೋಡ್ತಿರಲಿಲ್ಲ. ಆಮೇಲೆ ಧುಮುಕೋ ಹಾಗೇ ಇರ್ಲಿಲ್ಲ."

ಹೆಡ್ವಿಕಾ ಚಮಚ ಕೆಳಗಿಟ್ಟು ಎದ್ದಳು. ಮೇಲೆ ಹೋಗಿ ಪೆಟ್ಟಿಗೆಗೆ ಬಟ್ಟೆ ತುಂಬತೊಡಗಿದಳು. ಮಡಿಸಲಿಲ್ಲ, ತುರುಕಿದಳು. ಇವತ್ತೇ ಹೊರಡುವುದು. ಕಾರಿನಲ್ಲಿ ಕೂರಿಸಿ, ಬೆಲ್ಟು ಬಿಗಿದು, ಮಗಳ ಬಾಗಿಲಿಗೆ ಮುಟ್ಟಿಸಿ ಕೈ ತೊಳೆದುಕೊಳ್ಳುವುದು. ಕೆಳಗಿನಿಂದ ಯೋಸೋ ಕೂಗಿ ಹೇಳಿದ: ಬೂರಾ ಜೋರಾಗಿ ಕರಾವಳಿಯ ರಸ್ತೆಗೆ ಅಡ್ಡ ಹಾಕಿದ್ದಾರೆ, ಲಾರಿ, ಕಾರು ಒಂದೂ ಹೋಗುವಂತಿಲ್ಲ.

ಮಂಗಳವಾರ ಗಾಳಿ, ಬುಧವಾರವೂ ಗಾಳಿ. ಬಾಗಿಲು ಒಂದೇ ಸಮನೆ ಕದಲುತ್ತಿತ್ತು. ಉಪ್ಪು ಕಿಟಕಿಯ ಗಾಜಿಗೆ ಹತ್ತಿ ಹೊರಗಿನದೇನೂ ಕಾಣದಂತಾಯಿತು. ಹೆಡ್ವಿಕಾ ಕೋಣೆ ಗುಡಿಸಿದಳು, ಗುಡಿಸಿದ್ದನ್ನೇ ಮತ್ತೆ ಗುಡಿಸಿದಳು. ಮಾತ್ರೆಯ ಡಬ್ಬಿಯನ್ನು ಅವನ ಮುಂದಿಡುವಳು, ಏನೂ ಕೇಳದೆ ಹೊರಗೆ ಹೋಗುವಳು, ಬಾಗಿಲ ಹಿಂದೆ ನಿಂತು ನೀರು ನುಂಗುವ ಸದ್ದಿಗೆ ಕಿವಿಗೊಡುವಳು. ಒಂದು ಸಲ ಅವನು ಒಳಗಿನಿಂದಲೇ ಅಂದ, "ನುಂಗಿದೆ." ಅವಳು ಬಾಗಿಲ ಹಿಂದೆಯೇ ಅತ್ತುಬಿಟ್ಟಳು.

ಬುಧವಾರ ಮಧ್ಯಾಹ್ನ ಅವಳು ಕೆಳಗೆ ಇಳಿದಾಗ ಲುಬೋರ್ ಯೋಸೋನ ಶೆಡ್ಡಿನಲ್ಲಿದ್ದ. ಪಟ್ಟಿ ಕಟ್ಟಿದ ಕೈಯಲ್ಲೇ ಬಲೆಯ ಹರಿದ ಕಣ್ಣುಗಳನ್ನು ಹೆಣೆಯುತ್ತಿದ್ದ. ಇಬ್ಬರೂ ಕೆರೆ ದೊಡ್ಡದೋ ಕಡಲು ದೊಡ್ಡದೋ ಎಂದು ಜಗಳವಾಡುತ್ತಿದ್ದರು. ಅವಳು ಶೆಡ್ಡಿನ ಗೋಡೆಗೊರಗಿ, ಕಾಣಿಸಿಕೊಳ್ಳದೆ, ಬಹಳ ಹೊತ್ತು ನಿಂತಳು. ಅಷ್ಟು ಹೊತ್ತಿನಲ್ಲಿ ಅವನು ಒಂದು ಸಲವೂ ಎದೆ ಮುಟ್ಟಿ ನೋಡಿಕೊಳ್ಳಲಿಲ್ಲ. ತನ್ನ ಕೈ ಮಾತ್ರ ತನ್ನ ಎದೆಯ ಮೇಲಿತ್ತು ಎಂಬುದು ಅವಳಿಗೆ ತಡವಾಗಿ ತಿಳಿಯಿತು.

ಸಂಜೆ ಗಾಳಿ ಬಿದ್ದುಹೋಯಿತು. ರಸ್ತೆ ತೆರೆದರು.

"ನಾಳೆ ಹೊರಡ್ತೀನಿ," ಎಂದಳು.

"ನಾನು ಬರಲ್ಲ," ಎಂದ ಲುಬೋರ್. ಅವನಿಗೆ ಜಗಳ ಬೇಕಿರಲಿಲ್ಲ, ದನಿ ಮೆತ್ತಗಿತ್ತು. "ಎರಡು ವಾರಕ್ಕೆ ಅಂತ ಬಂದಿದೀವಿ. ಎರಡು ವಾರ ಇರ್ತೀನಿ."

"ನೀನು ಬರ್ತೀಯ ಅಂತ ನಾನೂ ಹೇಳಲಿಲ್ಲ."

ಅವನು ತಲೆಯೆತ್ತಿ ನೋಡಿದ. ಅವಳು ಅವನ ಶರ್ಟುಗಳನ್ನು ಪೆಟ್ಟಿಗೆಯಿಂದ ತೆಗೆದು ಕಪಾಟಿಗೆ ಹಾಕುತ್ತಿದ್ದಳು, ಈ ಸಲ ಮಡಿಸಿ.

"ಬಸ್ಸಲ್ಲಿ ಬಾ. ಜಾಗ್ರೆಬ್‌ನಲ್ಲಿ ಬದಲಾಯಿಸ್ಬೇಕು. ನಾನಿಲ್ಲಿದ್ರೆ ನಿನ್ನ ಹಿಂದೆ ಬರದೆ ಇರೋಕೆ ಆಗಲ್ಲ ನನ್ ಕೈಲಿ. ಎರಡು ದಿನ ನೋಡ್ದೆ, ಆಗಲ್ಲ. ನೀನು ಮತ್ತೆ ನೀರಿಗೆ ಹೋಗ್ತೀಯ."

"ಬೂರಾ ಇದ್ದಾಗ ಹೋಗಲ್ಲ."

"ಅದನ್ನ ಮಾಂದಮ್ಮಂಗೆ ಹೇಳು. ನಂಗೆ ಹೇಳ್ಬೇಡ."

ಇವೋನಾಳಿಗೆ ಅವಳೇ ಫೋನು ಮಾಡಿದಳು. ಕಡಲಿನ ಸುದ್ದಿಯನ್ನೂ ಹೇಳಿದಳು, ಮುಚ್ಚಿಡಲಿಲ್ಲ. ಆ ಕಡೆ ಮಗಳು ಕೂಗಾಡಿದಳು, ಅತ್ತಳು. ಕೊನೆಗೆ, "ಅಮ್ಮಾ, ನೀನು ಮಾತು ಕೊಟ್ಟಿದ್ದೆ," ಎಂದಳು.

"ಕೊಟ್ಟಿದ್ದೆ. ಕೊಡಬಾರ್ದಿತ್ತು. ಅವ್ನು ಕಾರಲ್ಲಿ ಸಾಗಿಸೋ ಆಲೂಗಡ್ಡೆ ಚೀಲ ಅಲ್ಲ ಕಣೇ. ಬರ್ತಾನೆ, ಅವ್ನಾಗೇ ಬರ್ತಾನೆ."

ಫೋನಿಟ್ಟು ಹೊರಗೆ ಬಂದಳು. ಮೆಟ್ಟಿಲ ಮೇಲೆ ಕೂತಳು. ಕಡಲು ಕಪ್ಪಾಗುವವರೆಗೆ ಕೂತೇ ಇದ್ದಳು. ಬಂದ ಮೇಲೆ ಅಷ್ಟು ಹೊತ್ತು ಒಂದು ಕಡೆ ಕೂತದ್ದು ಅದೇ ಮೊದಲು.

ಸೆಪ್ಟೆಂಬರ್ ಮೊದಲ ಗುರುವಾರ, ಬೆಳಿಗ್ಗೆ ಎಂಟು ಗಂಟೆಗೆ, ಹೆಡ್ವಿಕಾ ಒಬ್ಬಳೇ ಹೊರಟಳು. ಲುಬೋರ್ ಗೇಟು ತೆಗೆದು ಹಿಡಿದುಕೊಂಡ.