ಎದುರಿನ ಅಂಕಣದವನು

ಬಿಸಿಲು ಮತ್ತೆ ಫೋನಿನ ಮೇಲೆ ಬಿತ್ತು, ಅಕ್ಷರ ಕಾಣುವುದಿಲ್ಲ, ಅಂಗೈ ಅಡ್ಡ ಹಿಡಿದರೆ ಕಥೆಯ ನಾಯಕಿ ಕಾಣುತ್ತಾಳೆ, ನಾಯಕನ ಮುಖದ ಮೇಲೆಯೇ ಬಾಗಿಲು ಹಾಕುತ್ತಿದ್ದಾಳೆ — ಹಾಕಲಿ, ಇನ್ನು ಕೆಲವು ಕಂತು ದಾಟಲಿ, ಅದೇ ಬಾಗಿಲ ಹಿಂದೆ ನಿಂತು ಅವನ ದಾರಿ ಕಾಯುತ್ತಾಳೆ, ನನಗೆ ಗೊತ್ತು, ಗೊತ್ತಿದ್ದೂ ಓದುತ್ತೇನೆ, ಸಿರುಗುಪ್ಪ ಬಿಟ್ಟಾಗಿನಿಂದ ತಲೆ ಎತ್ತಿಲ್ಲ, ಹಿಂದಿನ ಸೀಟುಗಳಲ್ಲಿ ನನ್ನ ಕಬಡ್ಡಿ ಹುಡುಗಿಯರು ಹಾಡುತ್ತಿದ್ದಾರೆ, ಪಕ್ಕದಲ್ಲಿ ಸುಹಾನಾ, ನಮ್ಮ ಶಾಲೆಯ ವಿಜ್ಞಾನದ ಮೇಡಂ, ಶೇಂಗಾ ಸುಲಿಯುತ್ತ ಇಣುಕುತ್ತಾಳೆ, ಮತ್ತ ಅದನ್ನ ಓದಾಕತ್ತೀಯೇನ ಸೌಂದರ್ಯ, ಮೊದಲು ಕಚ್ಚಾಡೋದು, ಆಮ್ಯಾಲೆ ಲಗ್ನ ಆಗೋದು, ಬ್ಯಾರೆ ಕಥಿ ಇಲ್ಲೇನ ನಿನಗ, ಅನ್ನುತ್ತಾಳೆ, ಅವಳಿಗೆ ಎಲ್ಲ ಗೊತ್ತು, ಈ ಬಸ್ಸು ಕುರುಗೋಡಿನಲ್ಲಿ ನಿಲ್ಲುತ್ತದೆ, ಅಲ್ಲಿ ಚನ್ನಬಸವರಾಜ ತನ್ನ ತಂಡ ಕಟ್ಟಿಕೊಂಡು ಹತ್ತುತ್ತಾನೆ, ಬಳ್ಳಾರಿಯ ಮೈದಾನ ಮುಟ್ಟುವುದರೊಳಗೆ ನಾನು ಅವನಿಗೆ ಒಂದು ಮಾತು ಹೇಳಬೇಕು.

ಕುರುಗೋಡಿನ ಪಿ.ಟಿ. ಮೇಷ್ಟ್ರು, ಮೊದಲ ವರ್ಷದ ಪಂದ್ಯದಲ್ಲೇ ಎಲ್ಲರೆದುರು, ಮೇಡಂ ಇದು ಕಬಡ್ಡಿ ಐತಿ, ಕೋಲಾಟ ಅಲ್ಲ, ಅಂದವನು. ನಾನು ಬಿಟ್ಟೆನೇ, ಸೀಟಿ ಬಾಯಾಗಿಂದ ತಗದು ಮಾತಾಡ್ರಿ ಸರ್, ಏನೂ ತಿಳೀವಲ್ದು, ಅಂದೆ, ಎರಡೂ ಕಡೆಯ ಹುಡುಗಿಯರು ನಕ್ಕರು, ಅಲ್ಲಿಂದ ಪ್ರತಿ ವರ್ಷ ಜಗಳ, ಗೆರೆ ಸೊಟ್ಟ, ಅಂಪೈರ್ ನಿಮ್ಮವನು, ನಿಮ್ಮ ಹುಡುಗಿ ಉಗುರು ಕತ್ತರಿಸಿಲ್ಲ — ಹಿಂದಿನ ದಿನವೇ ಮಾತು ಕೂಡಿಸಿಕೊಳ್ಳುತ್ತಿದ್ದೆ, ರೊಟ್ಟಿ ಬಡಿಯುವಾಗ, ತಲೆ ಬಾಚುವಾಗ, ಅವನು ಹೀಗಂದರೆ ನಾನು ಹೀಗನ್ನಬೇಕು, ಇಷ್ಟು ಯೋಚನೆ ಇನ್ಯಾರ ಬಗ್ಗೆ ಮಾಡಿದ್ದೆ, ನನ್ನನ್ನು ನೋಡಲು ರೂಪನಗುಡಿಯಿಂದ ಬಂದ ವರನ ಬಗ್ಗೆಯೂ ಮಾಡಿರಲಿಲ್ಲ, ಪಾಪ ಒಳ್ಳೆಯವನು, ಉಪ್ಪು ಹೆಚ್ಚಾದ ಉಪ್ಪಿಟ್ಟನ್ನೂ ಚಲೋ ಐತಿ ಅಂದ, ನಾನು ಆಟ ಆಡಿಸುವುದೂ ಚಲೋ, ಬಿಡುವುದೂ ಚಲೋ, ಅವ್ವನಿಗೆ ಬಹಳ ಹಿಡಿಸಿದ್ದ, ಆದರೆ ಅವನ ಕಣ್ಣು ಸೀರೆಯ ಮೇಲೆ ಬಿತ್ತು, ತಟ್ಟೆಯ ಮೇಲೆ ಬಿತ್ತು, ನನ್ನ ಮೇಲೆ ಬೀಳಲಿಲ್ಲ, ಬೇಡ ಅಂದೆ. ಜಗಳಾಡುವವನಾದರೆ ಎದುರಿನವರನ್ನು ಪೂರ್ತಿ ನೋಡಲೇಬೇಕು, ಎಲ್ಲಿ ಗಟ್ಟಿ, ಎಲ್ಲಿ ಮೆತ್ತಗೆ, ಯಾವ ಮಾತಿಗೆ ಉರಿಯುತ್ತಾಳೆ, ನನ್ನ ಸಿಟ್ಟನ್ನೆಲ್ಲ ಕಂಡವನ ಮುಂದೆ ಮುಚ್ಚಿಡಲು ಇನ್ನೇನು ಉಳಿದಿರುತ್ತದೆ — ಅದಕ್ಕೇ ಇರಬೇಕು ಈ ಕಥೆಗಳ ರುಚಿ ನನಗೆ ಹತ್ತಿದ್ದು, ಅಲ್ಲ, ಆ ವರ ಬರುವುದಕ್ಕೂ ಮೊದಲೇ, ನಾವಿಬ್ಬರೂ ಎದುರಾದ ಒಂದು ಫೈನಲ್ಲಿನ ದಿನ, ನಮ್ಮ ಗುಲ್ನಾಜ್ ಕೊನೆಯ ರೈಡಿಗೆ ಹೋಗಿ ಕುರುಗೋಡಿನ ಹುಡುಗಿಯನ್ನು ಬೆರಳ ತುದಿಯಿಂದ ಮುಟ್ಟಿ ಬಂದಳು, ಅಂಪೈರ್ ನೋಡಲಿಲ್ಲ, ನಾನು ಕೂಗಲು ಬಾಯಿ ತೆರೆಯುವಷ್ಟರಲ್ಲಿ ಅವನೇ, ಎದುರಿನವನೇ, ಮುಟ್ಯಾಳ ರೀ, ನಾ ನೋಡೀನಿ, ಪಾಯಿಂಟ್ ಸಿರುಗುಪ್ಪದ್ದು, ಅಂದ, ಅದೇ ಪಾಯಿಂಟಿನಿಂದ ಸೋತ, ಅವನ ಹುಡುಗಿಯರು ಅತ್ತರು, ನಾನು ಥ್ಯಾಂಕ್ಸ್ ಹೇಳಲು ಹೋದರೆ ಮುಖ ಗಂಟು ಹಾಕಿಕೊಂಡು, ಭಾಳ ಉಬ್ಬಬ್ಯಾಡ್ರಿ, ನಿಮ್ಮ ಎಡಗಡಿ ಕಾರ್ನರ್ ಹುಡುಗಿ ಅಂಜ್ತಾಳ, ಮುಂದಿನ ವರ್ಷ ಅಲ್ಲೇ ಹೊಡಿತೀನಿ ನೋಡ್ರಿ, ಅಂದ, ಹೌದು, ಅವಳು ಅಂಜುತ್ತಿದ್ದಳು, ನನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ.

ಹೋದ ವರ್ಷ ಅವ್ವನ ಆಪರೇಷನ್, ನಾನು ಹೋಗಲಿಲ್ಲ, ಸುಹಾನಾಳೇ ತಂಡ ಕರೆದುಕೊಂಡು ಹೋಗಿದ್ದಳು, ಬಂದವಳು ಹೇಳಿದಳು, ನಿನ್ನ ದುಶ್ಮನ್ ಗೆದ್ದ, ಗೆದ್ದರೂ ಸತ್ತವರ ಮನಿಯಾಗ ಕುಂತಂಗ ಕುಂತಿದ್ದ, ಮೇಡಂ ಯಾಕ ಬಂದಿಲ್ಲ, ಮೇಡಂ ಯಾಕ ಬಂದಿಲ್ಲ, ಅದೊಂದ ಮಾತು — ಮೊನ್ನೆ ಅವನೇ ಫೋನ್ ಮಾಡಿದ, ಮೊದಲ ಮ್ಯಾಚು ನಮ್ಮಿಬ್ಬರ ನಡುವೆಯೇ ಅಂತ ಹೇಳಿದ, ಆಮೇಲೆ, ಮೇಡಂ, ನೀವಿಲ್ದ ಗೆದ್ದದ್ದು ಗೆದ್ದಂಗ ಆಗಲಿಲ್ಲ, ನಿಮ್ಮ ಅವ್ವಾರನ್ನ ಕೇಳಾಕ ನಮ್ಮ ಹಿರೇರನ್ನ ಕಳಸ್ಲೇನು, ಅಂದ, ನಾನು ಫೋನ್ ಇಟ್ಟುಬಿಟ್ಟೆ, ಬೇಡವಾಗಿತ್ತು ಅಂತಲ್ಲ, ಹೆದರಿಕೆ, ಈ ಕಥೆಗಳಲ್ಲಿ ಪ್ರೀತಿ ಹುಟ್ಟಿದ ಮರುದಿನವೇ ಹುಲಿಯಂಥ ನಾಯಕ ಕುರಿಯಾಗುತ್ತಾನೆ, ಅವಳು ಅಂದದ್ದಕ್ಕೆಲ್ಲ ಆಗಲಿ ಅನ್ನುತ್ತಾನೆ, ಅಲ್ಲಿಗೆ ನಾನು ಓದುವುದು ಬಿಡುತ್ತೇನೆ, ಇವನೂ ಹಾಗಾದರೆ, ಉಪ್ಪು ಹೆಚ್ಚಾದದ್ದನ್ನು ಹೇಳದೆ ಉಂಡರೆ, ನನಗಾಗಿ ಒಂದು ಪಾಯಿಂಟ್ ಬಿಟ್ಟುಕೊಟ್ಟರೆ —

ಬ್ರೇಕು, ಧೂಳು, ಕುರುಗೋಡು, ನೀಲಿ ಜರ್ಸಿಯ ಹುಡುಗಿಯರು ನುಗ್ಗುತ್ತಾರೆ, ಕೊನೆಗೆ ಅವನು, ಸುಹಾನಾ ಎದ್ದು ಹಿಂದೆ ಹೋಗಿಬಿಟ್ಟಳು, ಕಳ್ಳಿ, ಅವನು ಕೂರುವುದಿಲ್ಲ, ಕಂಬಿ ಹಿಡಿದು ನಿಂತಿದ್ದಾನೆ, ಕಿಟಕಿಯಾಚೆ ನೋಡುತ್ತಾನೆ, ನಾನೇ ಕೇಳಬೇಕು, ಕೇಳುತ್ತೇನೆ, ಸರ್, ಇವತ್ತು ನಮಗ ಬಿಟ್ಟುಕೊಡ್ತೀರೇನು, ಅವನು ತಿರುಗಿದ, ಹುಬ್ಬು ಗಂಟಾಯಿತು, ಅದೇ ಗಂಟು, ಬಿಟ್ಟುಕೊಡಾಕ ನನಗೇನ್ ಹುಚ್ಚು ಹಿಡದೈತೇನ್ರಿ, ನಿಮ್ಮನ್ನ ಅಳಿಸೇ ಸಿರುಗುಪ್ಪಕ್ಕ ಕಳಸ್ತೀನಿ, ಅಬ್ಬಾ, ಇವನು ಕುರಿಯಾಗಿಲ್ಲ, ಹಂಗಾದ್ರ ಹೂಂ ರೀ, ಅಂದೆ, ಏನ್ ಹೂಂ, ಅಂದ, ಫೋನಿನ್ಯಾಗ ಕೇಳಿದ್ರಲ್ಲ, ಅದಕ್ಕ ಹೂಂ, ಕಳಸ್ರಿ ಹಿರೇರನ್ನ — ಬಸ್ಸು ಹೊರಟಿತು, ಅವನು ತೂರಾಡಿದ, ಮುಖ ಮತ್ತೆ ಕಿಟಕಿಗೆ ತಿರುಗಿಸಿಕೊಂಡ, ಈಗ ಕಾಣುವುದು ಕಿವಿಯೊಂದೇ, ಕೆಂಪಗಾಗುತ್ತಿದೆ, ತುದಿಯಿಂದ ಕೆಳಗೆ ಇಳಿಯುತ್ತಿದೆ ಕೆಂಪು, ಫೋನಿನಲ್ಲಿ ಯಾವ ಕಂತು ಓದುತ್ತಿದ್ದೆ, ನೆನಪಿಲ್ಲ, ಆ ಕಿವಿ, ಬಿಸಿಲು ಹಾದ ಆ ಕೆಂಪು ಕಿವಿ, ಕಿವಿ —