ಸೋಸಿದ ಗಾಳಿ

ಚಹಾದ ಕ್ಯಾನನ್ನು ಎರಡೂ ಕೈಯಲ್ಲಿ ಹಿಡಿದು ಉಮಾನಾಥ ಮೂರನೇ ಮಹಡಿಯ ಮೆಟ್ಟಿಲು ಹತ್ತುತ್ತಿದ್ದ. ಹಿಂದೆ ಹೆಂಡತಿ ಮನೋರಮಾ ಉಪ್ಪಿಟ್ಟಿನ ಡಬ್ಬಿ ಹಿಡಿದು ಬರುತ್ತಿದ್ದಳು. ಸತ್ತವರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ, ಬಂದವರಿಗೆ ಏನಾದರೂ ಬೇಕಲ್ಲ. ತನ್ನ ಹೋಟೆಲಿನ ಕೆಲಸದವರ ಕೈಯಲ್ಲಿ ಕಳಿಸಬಹುದಿತ್ತು. ಆದರೆ ಇವತ್ತು ತಾನೇ ಹೊರಬೇಕೆಂದು ಉಮಾನಾಥ ಹಟ ಹಿಡಿದಿದ್ದ. ಅರವತ್ತು ದಾಟಿದ ಮೇಲೆ ಕ್ಯಾನು ಹೊತ್ತರೆ ಪಾಪ ಕಳೆಯುತ್ತದೆಂದು ಅವನಿಗೆ ಯಾರು ಹೇಳಿದ್ದರೋ, ಸೊಂಟವಂತೂ ಮೊದಲನೇ ಮಹಡಿಯಲ್ಲೇ ಹಿಡಿದುಕೊಂಡಿತ್ತು.

"ನೋಡಿ," ಎರಡನೇ ಮಹಡಿಯ ತಿರುವಿನಲ್ಲಿ ಮನೋರಮಾ ದನಿ ತಗ್ಗಿಸಿದಳು. "ಅಲ್ಲಿ ಹೋಗಿ ಎಂತದೂ ಮಾತಾಡ್ಬೇಡಿ. ಜ್ವರ ಎಲ್ಲಿಂದ ಬಂತು ಅಂತ ಯಾರಿಗೆ ಗೊತ್ತುಂಟು? ನಾಸಿಕ್ ತುಂಬ ಫ್ಲೂ ಉಂಟು."

"ನಾನು ಎಂತ ಹೇಳಿದೆ ಈಗ?"

"ನಿಮ್ಮ ಮುಖವೇ ಹೇಳ್ತಾ ಉಂಟು. ಅದನ್ನು ಸ್ವಲ್ಪ ಸರಿ ಮಾಡ್ಕೊಳ್ಳಿ."

ಬಾಗಿಲ ಹೊರಗೆ ಚಪ್ಪಲಿಗಳ ರಾಶಿ. ಒಳಗೆ ತಾಳ ಹಾಕಿಕೊಂಡು ನಾಲ್ಕಾರು ಮಂದಿ ಭಜನೆ ಹಾಡುತ್ತಿದ್ದರು. ಧೂಪದ ಹೊಗೆಯ ಆಚೆ ಶಿವರಾಯ ಕೂತಿದ್ದ.

ಉಮಾನಾಥ ಕರಾವಳಿಯವನು, ಅವನು ಕಂಡ ಹೆಣಗಳೆಲ್ಲ ಮಲಗಿದ್ದವು. ಬೀದರ ಕಡೆಯ ಲಿಂಗಾಯತರು ಸತ್ತವರನ್ನು ಕೂಡಿಸಿಯೇ ಕಳಿಸುತ್ತಾರೆಂದು ಅವನಿಗೆ ಗೊತ್ತಿಲ್ಲದೇನಿಲ್ಲ. ಗೊತ್ತಿರುವುದು ಬೇರೆ, ಎದುರಿಗೆ ನಿಂತು ನೋಡುವುದು ಬೇರೆ. ಶಿವರಾಯನ ಹಣೆತುಂಬ ವಿಭೂತಿ, ಕೊರಳಿಗೆ ಹಾರ, ಎಡಗೈಯಲ್ಲಿ ಲಿಂಗ. ಗೋಡೆಗೊರಗಿಸಿ ಚಕ್ಕಳಮಕ್ಕಳ ಹಾಕಿಸಿದ್ದರು. ಹೋಟೆಲಿನ ಎಸಿ ಕೋಣೆಯ ಮೂಲೆಯ ಮೇಜಿಗೆ ದಿನಾ ನಾಲ್ಕು ಗಂಟೆಗೆ ಬಂದು ಅವನು ಕೂರುತ್ತಿದ್ದುದೂ ಹೀಗೆಯೇ, ಬೆನ್ನು ನೆಟ್ಟಗೆ ಮಾಡಿಕೊಂಡು, ಕಾಫಿ ಯಾವಾಗ ಬರುತ್ತದೆಂದು ಕಾಯುವವನ ಹಾಗೆ. ಉಮಾನಾಥನಿಗೆ ಕ್ಯಾನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ.

"ಬರ್ರಿ ಶೆಟ್ರ," ಎಂದಳು ಮಲ್ಲಮ್ಮ. ಗಂಡನ ಪಕ್ಕದಲ್ಲಿ ಕೂತಿದ್ದಳು, ಅತ್ತು ಅತ್ತು ದನಿ ಬಿದ್ದುಹೋಗಿತ್ತು. "ನೋಡ್ರಿ, ನಿಮ್ಮ ಗಿರಾಕಿ ಹೆಂಗ ಕುಂತಾರ. ಎಲ್ಲೂ ಹೋಗ್ತಿರಲಿಲ್ರಿ. ಗುಡಿ ಬಿಟ್ರು, ಲಗ್ನ ಬಿಟ್ರು, ಬಸ್ಸು ಬಿಟ್ರು. ನಿಮ್ಮ ಹೋಟೆಲ್ ಒಂದೇ. ಆದ್ರೂ ಆ ಸುಡಗಾಡ ಜ್ವರ ಎಲ್ಲಿಂದ ಬಂದು ಎದಿಯಾಗ ಹೊಕ್ಕಿತೋ."

ಮನೋರಮಾ ಗಂಡನ ಮೊಣಕೈಯನ್ನು ಸಣ್ಣಗೆ ಒತ್ತಿದಳು.

ಮಲ್ಲಮ್ಮ ಮಗ್ಗುಲಲ್ಲಿದ್ದ ಹುಡುಗಿಯನ್ನು ಮುಂದಕ್ಕೆ ಎಳೆದಳು. ಹುಡುಗಿಯ ಎದೆ ಬೇಗ ಬೇಗ ಏರಿಳಿಯುತ್ತಿತ್ತು. "ಇಕಿ ವೈಷ್ಣವಿ, ನಮ್ಮ ರವಿಕಾಂತನ ಮಗಳು. ಸಂಭಾಜಿನಗರದಾಗ ಇರ್ತಾರಲ್ರಿ. ಇನ್ನು ನನ್ನ ಸಂಗಟ ಇಲ್ಲೇ ಇರ್ತಾಳ, ಇಲ್ಲೇ ಶಾಲಿ. ಇಕಿಗೂ ಅಜ್ಜನಂಗ ದಮ್ಮು ಅದರಿ. ಈ ಹೊಗಿ, ಇಷ್ಟು ಮಂದಿ, ನೋಡ್ರಿ ಹೆಂಗ ತೇಕಲಾಕತ್ತಾಳ. ಅಜ್ಜನ್ನ ಮಣ್ಣು ಮಾಡಿ ಬಂದ ಮ್ಯಾಲೆ ನಿಮ್ಮ ಸಂಗಟ ಕರ್ಕೊಂಡ ಹೋಗ್ರಿ. ನಿಮ್ಮ ಆ ಸ್ವಚ್ಛ ಹವಾದಾಗ ಕುಂದ್ರಲಿ. ಇನ್ನ ಮುಂದ ದಿನಾ ಸಂಜಿಕಿ ಅಲ್ಲೇ ಕಳಸ್ತೀನಿ. ಅವರ ಆಸೀನೂ ಅದೇ ಇತ್ತು."

"ಆಗ್ಲಿ ಅಕ್ಕಾ," ಎಂದುಬಿಟ್ಟ ಉಮಾನಾಥ. ಗಿರಾಕಿಗೆ ಇಲ್ಲ ಎಂದು ಗೊತ್ತಿಲ್ಲದ ನಾಲಗೆ ಅದು, ಅವನನ್ನು ಕೇಳಿ ಮಾತಾಡುವುದಿಲ್ಲ.

*

ಕೊರೊನಾದ ಎರಡನೇ ಅಲೆ ಇಳಿದ ಮೇಲೆ ನಾಸಿಕದ ಸಾತಪುರದ ಕಾರ್ಖಾನೆಗಳೆಲ್ಲ ತೆರೆದವು. ಗಿರಾಕಿಗಳು ಮಾತ್ರ ಎಸಿ ಕೋಣೆಯ ಗಾಜಿನ ಬಾಗಿಲು ತಳ್ಳಲು ಹೆದರುತ್ತಿದ್ದರು. ಮುಚ್ಚಿದ ಕೋಣೆ, ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆದುಕೊಳ್ಳಬೇಕು. ಆಗ ಉಮಾನಾಥ ಗಾಳಿ ಶುದ್ಧ ಮಾಡುವ ಯಂತ್ರ ತರಿಸಿದ. ಸಣ್ಣ ಕಪಾಟಿನಷ್ಟು ಎತ್ತರ, ಒಳಗೆ ಮಡಿಕೆ ಮಡಿಕೆಯಾದ ಬಿಳಿಯ ಫಿಲ್ಟರು, ಅದರ ಹಿಂದೆ ಇದ್ದಿಲಿನ ಹಾಳೆ, ನೆತ್ತಿಯ ಮೇಲೊಂದು ನೀಲಿ ದೀಪ. ಇಲ್ಲಿಯ ಗಾಳಿ ಶುದ್ಧೀಕರಿಸಿದ್ದು ಎಂದು ಮರಾಠಿಯಲ್ಲಿ ಬೋರ್ಡು ಬರೆಸಿ ಬಾಗಿಲಿಗೆ ಹಾಕಿದ.

ಆ ಬೋರ್ಡು ಓದಿ ಒಳಗೆ ಬಂದವರಲ್ಲಿ ಶಿವರಾಯನೂ ಒಬ್ಬ. ಭಾಲ್ಕಿ ಕಡೆಯ ಹಳ್ಳಿಯಿಂದ ಮೀಸೆ ಮೂಡುವ ಹೊತ್ತಿಗೆ ನಾಸಿಕಕ್ಕೆ ಬಂದು, ಎರಕದ ಕಾರ್ಖಾನೆಯಲ್ಲಿ ಕಬ್ಬಿಣ ಉಜ್ಜಿ ಉಜ್ಜಿ ನಿವೃತ್ತನಾದವನು. ಆ ಧೂಳು ಅವನ ಎದೆಯಲ್ಲಿ ಅರ್ಧ ತಿಂದದ್ದನ್ನು ಕೊರೊನಾ ಮುಕ್ಕಾಲು ಮಾಡಿ ಬಿಟ್ಟುಹೋಗಿತ್ತು. ಆಸ್ಪತ್ರೆಯಲ್ಲಿ ಆಕ್ಸಿಜನ್ ಹಚ್ಚಿಕೊಂಡು ಬದುಕಿ ಬಂದ ಮೇಲೆ ಅವನು ಮುಚ್ಚಿದ ಕೋಣೆಗೆ ಕಾಲಿಡುತ್ತಿರಲಿಲ್ಲ. ತಂಗಿಯ ಮಗಳ ಮದುವೆಯಲ್ಲಿ ಸಭಾಭವನದ ಬಾಗಿಲ ಹೊರಗೆ ನಿಂತೇ ಅಕ್ಷತೆ ಎಸೆದಿದ್ದ. ಅದು ವಧುವಿಗೆ ತಾಗದೆ ಫೋಟೋ ತೆಗೆಯುವವನ ತಲೆಯ ಮೇಲೆ ಬಿತ್ತೆಂದು ಜನ ಈಗಲೂ ನಗುತ್ತಾರೆ.

ಹೋಟೆಲಿಗೆ ಮಾತ್ರ ದಿನಾ ಬರುತ್ತಿದ್ದ. ಬಂದವನು ಮೊದಲು ನೀಲಿ ದೀಪ ನೋಡುತ್ತಿದ್ದ, ಆಮೇಲೆ ಕೂರುತ್ತಿದ್ದ. ಎರಡು ಇಡ್ಲಿ, ಒಂದು ಕಾಫಿ, ಮುಂಬೈಯಿಂದ ಬರುವ ಕನ್ನಡ ಪತ್ರಿಕೆ. ಪಕ್ಕದ ಮೇಜಿನವರು ಬೇಡವೆಂದರೂ ಬಿಡದೆ ವಿವರಿಸುತ್ತಿದ್ದ: "ಚಹಾ ಸೋಸ್ತೀವಲ್ರಿ, ಹಂಗ ಇದು ಹವಾ ಸೋಸ್ತದ. ರೋಗ ಜಾಳಗಿಯಾಗ ಉಳೀತದ." ಉಮಾನಾಥನನ್ನು ಕಂಡರೆ, "ಶೆಟ್ರ, ನಿಮ್ಮ ಕನ್ನಡ ಶಾಲಿ ಪುಸ್ತಕದಂಗ ಅದ, ಓದಿ ಪಾಸಾಗಬೇಕು," ಎಂದು ಕಾಡಿಸುತ್ತಿದ್ದ.

ಯಂತ್ರಕ್ಕೆ ಒಂದು ಕೆಟ್ಟ ಚಾಳಿ ಇತ್ತು. ರೋಗವನ್ನಷ್ಟೇ ಹಿಡಿದು ಸುಮ್ಮನಿರುವ ಜಾತಿಯಲ್ಲ ಅದು. ತುಪ್ಪದ ದೋಸೆಯ ಪರಿಮಳ, ಇಂಗಿನ ಒಗ್ಗರಣೆಯ ಘಮ, ಕಾಫಿಯ ಹಬೆ, ಎಲ್ಲವನ್ನೂ ಹೀರಿಬಿಡುತ್ತಿತ್ತು. ಓಝರಿನ ವಿಮಾನ ಕಾರ್ಖಾನೆಯ ಹಳೆಯ ಗಿರಾಕಿಯೊಬ್ಬರು ಸಾಂಬಾರು ಮೂಸಿ, ಅಡುಗೆಯವನು ಬದಲಾದನೇ ಎಂದು ಕೇಳಿದರು. ಇನ್ನೊಬ್ಬರು ಇಲ್ಲಿ ಕೂತರೆ ಬ್ಯಾಂಕಿನಲ್ಲಿ ಕೂತ ಹಾಗಾಗುತ್ತದೆ ಎಂದರು. ಉಡುಪಿ ಹೋಟೆಲಿನವನಿಗೆ ವಾಸನೆಯೇ ಬಂಡವಾಳ. ದಾರಿಯಲ್ಲಿ ಹೋಗುವವನನ್ನು ಒಳಗೆ ಎಳೆಯುವುದು ಅದು, ಬಂದವನಿಗೆ ಇನ್ನೊಂದು ದೋಸೆ ಹೇಳಿಸುವುದೂ ಅದೇ. ಕೊರೊನಾ ಹೇಗೂ ಹೋಯಿತಲ್ಲ ಎಂದುಕೊಂಡ ಉಮಾನಾಥ.

ಕಳೆದ ದೀಪಾವಳಿಗೆ ಮೊದಲು ಎಲೆಕ್ಟ್ರಿಷಿಯನ್‌ನನ್ನು ಕರೆಸಿ, ಯಂತ್ರದ ಫ್ಯಾನು ನಿಲ್ಲಿಸು, ನೀಲಿ ದೀಪ ಉರಿಯಲಿ ಎಂದ.

"ಕಾಯ್ ಶೇಟ್, ನುಸ್ತಾ ದಿವಾ?" ಬರೀ ದೀಪವೇ ಎಂದು ಅವನು ನಕ್ಕ. ಉಮಾನಾಥನೂ ನಕ್ಕ. ಬೋರ್ಡು ತೆಗೆಸಲಿಲ್ಲ.

ಮರುದಿನ ಶಿವರಾಯ ಬಂದು ದೀಪ ನೋಡಿ ಕೂತ. ಮೂಗೆತ್ತಿ ಒಂದು ದೀರ್ಘ ಉಸಿರು ಎಳೆದುಕೊಂಡ. "ಏನ್ರಿ ಶೆಟ್ರ, ಇವತ್ತು ತುಪ್ಪದ ವಾಸನಿ ಭಾಳ ಛಲೋ ಬರ್ಲಾಕತ್ತದ!"

*

ನಾಲ್ವರು ಹೆಗಲ ಮೇಲೆ ಹೊತ್ತ ಬಿದಿರಿನ ವಿಮಾನದಲ್ಲಿ ಕೂತು ಶಿವರಾಯ ಸಾತಪುರದ ರಸ್ತೆಯಲ್ಲಿ ಸಾಗಿದ. ಪಾಳಿ ಮುಗಿಸಿ ಬರುತ್ತಿದ್ದ ಕಾರ್ಮಿಕರು ಬೈಕು ನಿಲ್ಲಿಸಿ ಕೈ ಮುಗಿದರು. ಉಮಾನಾಥ ಹಿಂದೆ ನಡೆಯುತ್ತಿದ್ದ. ಮುಂದೆ ಹೋದರೆ ಆ ಮುಖ ಕಾಣುತ್ತದೆಂದು ಹಿಂದೆಯೇ ಉಳಿದಿದ್ದ.

ಸಮಾಜದ ಹಿರಿಯ ರಾಚಪ್ಪ ಅವನ ಪಕ್ಕಕ್ಕೆ ಬಂದ. "ನಮ್ಮ ಸಮಾಜದ ಭವನಕ್ಕೂ ಅಂಥ ಮಶೀನ್ ತರಸ್ರಿ ಅಂತ ಜೀವಾ ತಿಂದಾನ್ರಿ ಇವ. ಮುಚ್ಚಿದ ಹಾಲ್‌ನಾಗ ಮುದುಕರ್ನ ಕೂಡಸಿ ಪ್ರವಚನ ಹೇಳಸ್ತೀರಿ, ಯಾರಿಗ್ಯಾರ ರೋಗ ಹತ್ತಿದ್ರ ಅಂತ. ನಾವ ನಕ್ಕೀವಿ. ಶಿವರಾಯಗ ಮಶೀನ್ ಹುಚ್ಚು ಹಿಡದದ ಅಂದೀವಿ. ಈಗ ಮನಸ್ಸಿಗಿ ಭಾಳ ಹತ್ಲಾಕತ್ತದ. ನೀವೊಬ್ರೇ ನೋಡ್ರಿ, ಮಂದಿ ಜೀವದ ಕಾಳಜಿ ಮಾಡಿದವ್ರು."

"ಹಾಗೆಲ್ಲ ಹೇಳ್ಬೇಡಿ ರಾಚಪ್ಪನವರೇ."

"ದೊಡ್ಡತನ ನಿಮ್ದು," ಎಂದ ರಾಚಪ್ಪ.

ಹೂಳುವ ಜಾಗದಲ್ಲಿ ಗುಂಡಿ ಸಿದ್ಧವಿತ್ತು. ಅಯ್ಯನವರು ಮಂತ್ರ ಹೇಳುತ್ತಿದ್ದಂತೆ ಶಿವರಾಯನನ್ನು ಇಳಿಸಿ ಒಳಗಿನ ಗೂಡಿನಲ್ಲಿ ಕೂಡಿಸಿದರು. ಸುತ್ತ ವಿಭೂತಿ, ಉಪ್ಪು, ಬಿಲ್ವಪತ್ರೆ ಸುರಿದರು. ಇಕ್ಕಟ್ಟಾದ, ಗಾಳಿಯಿಲ್ಲದ ಗೂಡು. ಇಂಥ ಜಾಗಕ್ಕೆ ಹೆದರಿಯೇ ಅಲ್ಲವೇ ಈ ಮನುಷ್ಯ ಮದುವೆಯ ಮನೆಯ ಹೊರಗೆ ನಿಂತದ್ದು ಎಂದು ಉಮಾನಾಥನಿಗೆ ಅನ್ನಿಸಿತು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ಉಮಾನಾಥನ ಸರದಿ ಬಂದಾಗ ಮಣ್ಣು ಅಂಗೈಗೆ ಅಂಟಿಕೊಂಡಿತು, ಕೈ ಕೊಡವಬೇಕಾಯಿತು.

ಮಗ ರವಿಕಾಂತ ಕೈ ತೊಳೆದು ಹತ್ತಿರ ಬಂದ. ಸಂಭಾಜಿನಗರದ ಹತ್ತಿರ ಬಿಡಕಿನ್‌ನ ಹೊಸ ಕಾರ್ಖಾನೆಯೊಂದರಲ್ಲಿ ಅವನು ಸೂಪರ್‌ವೈಸರ್. "ಅಂಕಲ್, ಅಪ್ಪ ಫೋನ್‌ದಾಗ ನಿಮ್ದೇ ಸುದ್ದಿ ಹೇಳ್ತಿದ್ರು. ನಿನ್ನ ಫ್ಯಾಕ್ಟರಿ ಕ್ಯಾಂಟೀನ್‌ದಾಗೂ ಆ ಮಶೀನ್ ಕೂಡಸ್ಲಾಕ ಸಾಹೇಬ್ರಿಗಿ ಹೇಳು ಅಂತ ಬೆನ್ನ ಹತ್ತಿದ್ರು. ಹೇಳ್ದೆ. ಕೂಡಸ್ಯಾರ. ಈ ಸರ್ತಿ ನಮ್ಮ ಶಿಫ್ಟಿನ್ಯಾಗ ಜ್ವರ ಅಂತ ರಜಾ ಹಾಕಿದವ್ರು ಕಡಿಮಿ."

ಎಲ್ಲೋ ದೂರದಲ್ಲಿ ಒಂದು ಯಂತ್ರ ತಿರುಗುತ್ತಿದೆ, ತನ್ನದನ್ನು ನೋಡಿ ತರಿಸಿದ್ದು. ಉಮಾನಾಥನಿಗೆ ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಅಂಥ ನಾಚಿಕೆ ಮೈಗೆ ಒಗ್ಗುವುದಿಲ್ಲ.

*

ಶಿವರಾಯ ಹಾಸಿಗೆ ಹಿಡಿಯುವ ಮೊದಲಿನ ವಾರ ಹೋಟೆಲಿನಲ್ಲಿ ಕ್ಯಾಶ್ ಕೌಂಟರಿನವನಿಗೆ ಜ್ವರವಿತ್ತು. ರಜೆ ಕೇಳಿದ್ದ. ಮದುವೆಯ ಸೀಸನ್ನು, ಗಿರಾಕಿ ಜಾಸ್ತಿ, ಮಾತ್ರೆ ನುಂಗಿ ಕೂರು ಎಂದು ಉಮಾನಾಥ ಗದರಿದ್ದ. ಕೌಂಟರು ಇದ್ದದ್ದು ಎಸಿ ಕೋಣೆಯಲ್ಲೇ, ಶಿವರಾಯನ ಮೇಜಿಗೆ ಬೆನ್ನಾಗಿ.

ಕೆಮ್ಮು ಕೇಳಿ ಶಿವರಾಯ ಪತ್ರಿಕೆ ಕೆಳಗಿಟ್ಟ, ಏಳಲು ಹೊರಟ. ಅಷ್ಟರಲ್ಲಿ ದೀಪದ ಕಡೆ ಕಣ್ಣು ಹೋಯಿತು. ಮತ್ತೆ ಕೂತುಕೊಂಡ. "ಇರಲಿ ಬಿಡ್ರಿ, ಮಶೀನ್ ಅದಲ್ಲ," ಎಂದ. ಉಮಾನಾಥ ಎರಡು ಮಾರು ದೂರದಲ್ಲಿ ನಿಂತಿದ್ದ. ಹೊರಗಿನ ಹಾಲಿನಲ್ಲಿ ಕೂರಿ ರಾಯರೇ, ಅಲ್ಲಿ ಕಿಟಕಿ ಉಂಟು ಎಂದರೆ ಸಾಕಿತ್ತು. ಯಾಕೆ ಎಂದು ಕೇಳಿದರೆ ಏನು ಹೇಳುವುದೆಂದು ಯೋಚಿಸುತ್ತ ನಿಂತ. ಯೋಚಿಸುವಷ್ಟರಲ್ಲಿ ಕಾಫಿ ಬಂತು.

*

ಮನೆಯಲ್ಲಿ ಶಿವರಾಯ ಕೂತಿದ್ದ ಜಾಗದಲ್ಲಿ ಈಗ ಹಣತೆ ಉರಿಯುತ್ತಿತ್ತು. ಧೂಪ ಇನ್ನೂ ಆರಿರಲಿಲ್ಲ. ವೈಷ್ಣವಿ ಚಪ್ಪಲಿ ಮೆಟ್ಟಿ, ನೀರಿನ ಬಾಟಲಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲೇ ಕಾಯುತ್ತಿದ್ದಳು. ಉಮಾನಾಥನನ್ನು ಕಂಡದ್ದೇ ಅವನ ಕೈಯೊಳಗೆ ತನ್ನ ಕೈ ತೂರಿಸಿದಳು.

"ಆಜೋಬಾ, ತಿಥೇ ದೋಸಾ ಮಿಳೇಲ್ ನಾ?" ಅಲ್ಲಿ ದೋಸೆ ಸಿಗುತ್ತದಲ್ಲ ಎಂದು ಕೇಳಿದಳು. ಪ್ರತಿ ಮಾತಿಗೂ ನಡುವೆ ಉಸಿರು ಎಳೆಯುತ್ತಿದ್ದಳು.

"ಕರ್ಕೊಂಡು ಹೋಗುವ," ಮನೋರಮಾ ಕಿವಿಯ ಹತ್ತಿರ ಪಿಸುಗುಟ್ಟಿದಳು. "ಹೊರಗಿನ ಹಾಲಿನಲ್ಲಿ ಕೂರಿಸುವ. ನಾಳೆ ಆ ಮಶೀನು ಸರಿ ಮಾಡಿಸುವ. ಯಾರಿಗೂ ಎಂತದೂ ಗೊತ್ತಾಗುದಿಲ್ಲ."

ಅದು ತಪ್ಪು ಮಾತೇನಲ್ಲ. ಹುಡುಗಿಗೂ ಒಳ್ಳೆಯದು, ಹೋಟೆಲಿಗೂ ಒಳ್ಳೆಯದು. ಉಮಾನಾಥ ಹುಡುಗಿಯ ಕೈ ಹಿಡಿದು ಮೆಟ್ಟಿಲು ಇಳಿದ. ತಿರುವಿನ ತನಕ ಹೋದ. ಇನ್ನು ಮುಂದೆ ಮಲ್ಲಮ್ಮ ದಿನಾ ಸಂಜೆ ಈ ಕೈಯನ್ನು ತನ್ನ ಕೈಗೆ ಕೊಟ್ಟು ಗಂಡನ ನೆನಪು ತೆಗೆಯುತ್ತಾಳೆ, ದೊಡ್ಡತನ ನಿಮ್ಮದು ಎನ್ನುತ್ತಾಳೆ, ತಾನು ಆಗಲಿ ಅಕ್ಕಾ ಎನ್ನಬೇಕು. ಅವನಿಗೆ ಮುಂದಿನ ಮೆಟ್ಟಿಲು ಇಳಿಯಲಾಗಲಿಲ್ಲ. ಹುಡುಗಿಯನ್ನು ಕರೆದುಕೊಂಡು ತಿರುಗಿ ಹತ್ತಿದ.

"ಅಕ್ಕಾ," ಬಾಗಿಲಲ್ಲೇ ನಿಂತು ಹೇಳಿದ, "ಆ ಮಶೀನು ನಡೀತಾ ಇಲ್ಲ."

"ಕೆಟ್ಟದೇನ್ರಿ?" ಎಂದಳು ಮಲ್ಲಮ್ಮ.

ಹೌದು ಎಂದರೆ ಮುಗಿಯುತ್ತಿತ್ತು. ಹಿಂದೆ ನಿಂತ ಮನೋರಮಾ ಹೌದೆನ್ನಲು ಬಾಯಿ ತೆರೆದೂ ಇದ್ದಳು.

"ಕೆಟ್ಟದ್ದಲ್ಲ. ನಾನೇ ನಿಲ್ಲಿಸಿದ್ದು. ದೋಸೆ ಪರಿಮಳ ಹೋಗ್ತದೆ ಅಂತ. ದೀಪ ಮಾತ್ರ ಉರೀತಾ ಇತ್ತು. ಎಷ್ಟೋ ತಿಂಗಳಾಯ್ತು. ಕೌಂಟರಿನ ಹುಡುಗನಿಗೆ ಜ್ವರ ಇತ್ತು, ಅವನನ್ನೂ ಕೂರಿಸಿದೆ. ರಾಯರು ಅಲ್ಲೇ ಕೂತಿದ್ರು. ನಾನು ನೋಡ್ತಾ ಇದ್ದೆ."

ರಾಚಪ್ಪ ತಲೆ ತಗ್ಗಿಸಿದ. ರವಿಕಾಂತ ಎದ್ದು ನಿಂತವನು ಯಾಕೆ ಎದ್ದೆನೆಂದು ತಿಳಿಯದವನಂತೆ ನಿಂತೇ ಇದ್ದ.

"ಅವರು ದೀಪ ನೋಡೇ ಕುಂದ್ರತಿದ್ರು," ಎಂದಳು ಮಲ್ಲಮ್ಮ. "ಮನಿಗಿ ಬಂದು ನನಗ ಹೇಳ್ತಿದ್ರು. ದೀಪ ಹತ್ತಿತ್ತು ಅಂತ."

ಅವಳು ಬಯ್ಯಲಿ ಎಂದು ಉಮಾನಾಥ ಕಾದ. ಕೆನ್ನೆಗೆ ಹೊಡೆದರೂ ಆಗಬಹುದಿತ್ತು. ಮಲ್ಲಮ್ಮ ಗೋಡೆ ಹಿಡಿದು ನಿಧಾನವಾಗಿ ಎದ್ದಳು, ಬಾಗಿಲ ತನಕ ಬಂದಳು, ಅವನ ಮುಷ್ಟಿಯೊಳಗಿದ್ದ ಮೊಮ್ಮಗಳ ಕೈಯನ್ನು ಬಿಡಿಸಿಕೊಂಡಳು. ಹುಡುಗಿಯನ್ನು ತನ್ನ ಹೊಟ್ಟೆಗೆ ಒತ್ತಿ ನಿಲ್ಲಿಸಿಕೊಂಡು, ಅವನನ್ನೇ ನೋಡುತ್ತ, ಸೆರಗಿನ ತುದಿಯನ್ನು ಎತ್ತಿ ಅವಳ ಮೂಗು ಬಾಯಿಗೆ ಅಡ್ಡ ಹಿಡಿದಳು. ಸೆರಗಿನ ಮೇಲೆ ಹುಡುಗಿಯ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.